ಪಕ್ಕದ ಬೆಂಚಿನ ನಂಬಿಕೆ: ಕಾಸರಗೋಡಿನ ಹೈಸ್ಕೂಲುಗಳಲ್ಲಿ ಧರ್ಮ ಮತ್ತು ನೀತಿಯ ಪಾಠ

ಕುಂಬಳೆಯಿಂದ ಮಂಜೇಶ್ವರದವರೆಗೆ ಯಾವ ಹೈಸ್ಕೂಲಿಗೆ ಹೋದರೂ, ಅಲ್ಲಿನ ಮಕ್ಕಳಿಗೆ ಧರ್ಮದ ಪಾಠ ಸಿಕ್ಕಿಲ್ಲ ಎಂದು ಹೇಳುವ ಹಾಗಿಲ್ಲ. ಮುಸ್ಲಿಂ ಮನೆಯ ಮಕ್ಕಳು ಚಿಕ್ಕಂದಿನಿಂದ ಬೆಳಿಗ್ಗೆ ಮದರಸಕ್ಕೆ ಹೋಗಿ, ಆಮೇಲೆ ಶಾಲೆಯ ಬಸ್ಸು ಹತ್ತಿದವರು. ಬೇಳದ ಇಗರ್ಜಿಯ ಸುತ್ತಮುತ್ತಲಿನ ಕ್ರೈಸ್ತ ಮಕ್ಕಳಿಗೆ ಭಾನುವಾರ ಕ್ರಿಸ್ತೋಪದೇಶ. ಹಿಂದೂ ಮನೆಗಳಲ್ಲಿ ಭಜನಾ ಮಂದಿರ ಇದೆ, ಕುಟುಂಬದ ದೈವದ ಕೋಲ ಇದೆ, ರಾತ್ರಿಯಿಡೀ ನಡೆಯುವ ಯಕ್ಷಗಾನ ಇದೆ. ತಮ್ಮ ತಮ್ಮ ಧರ್ಮ ಎಲ್ಲರಿಗೂ ಅಷ್ಟಿಷ್ಟು ಗೊತ್ತು. ಗೊತ್ತಿಲ್ಲದ್ದು ಪಕ್ಕದ ಬೆಂಚಿನವರದ್ದು.

ಒಂದೇ ಬಸ್ಸಿನಲ್ಲಿ ಬರುತ್ತಾರೆ, ಒಂದೇ ಮೈದಾನದಲ್ಲಿ ಆಡುತ್ತಾರೆ. ಆದರೆ ಗೆಳತಿ ಯಾಕೆ ಉಪವಾಸ ಹಿಡಿದಿದ್ದಾಳೆ, ದೈವಕ್ಕೂ ದೇವರಿಗೂ ಏನು ಸಂಬಂಧ, ಕ್ರೈಸ್ತರು ಈಸ್ಟರ್‌ಗೆ ಮುಂಚೆ ಮಾಂಸ ಯಾಕೆ ಬಿಡುತ್ತಾರೆ ಎಂದು ಕೇಳುವುದಕ್ಕೆ ಮುಜುಗರ. ಕೇಳಿದರೂ ಸರಿಯಾಗಿ ಹೇಳುವವರು ಇಲ್ಲ. ಮೊದಲು ಈ ಜಾಗ ಖಾಲಿ ಇತ್ತು. ಈಗ ಅದನ್ನು ಮೊಬೈಲ್ ತುಂಬುತ್ತಿದೆ. ಇನ್ನೊಂದು ಧರ್ಮದ ಬಗ್ಗೆ ಹದಿನಾಲ್ಕು ವರ್ಷದ ಹುಡುಗನಿಗೆ ಸಿಗುವ ಮೊದಲ ವಿವರಣೆ, ಆ ಧರ್ಮವನ್ನು ದ್ವೇಷಿಸುವವರು ಮಾಡಿದ ವಿಡಿಯೊ ಆಗಿದ್ದರೆ ಪರಿಣಾಮ ಏನು ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಆದ್ದರಿಂದ ನನ್ನ ವಾದ ನೇರವಾಗಿದೆ. ಕಾಸರಗೋಡಿನ ಕನ್ನಡ ಮಾಧ್ಯಮ ಹೈಸ್ಕೂಲುಗಳಲ್ಲಿ ಎಲ್ಲ ಧರ್ಮಗಳ ಬಗ್ಗೆ ತಿಳಿಸುವ, ಸರಿ ತಪ್ಪುಗಳ ಬಗ್ಗೆ ಯೋಚಿಸಲು ಕಲಿಸುವ ಒಂದು ಪಾಠ ಬೇಕು. ಅದು ಎಲ್ಲರೂ ಒಟ್ಟಿಗೆ ಕೂತು ಕಲಿಯುವ ಪಾಠ ಆಗಬೇಕು. ಅದು ಕನ್ನಡದಲ್ಲೇ ನಡೆಯಬೇಕು, ಈ ಊರಿನ ಸಾಮಗ್ರಿಯಿಂದಲೇ ಕಟ್ಟಿದ್ದಾಗಿರಬೇಕು.

ಈಗ ಯಾಕೆ ಈ ಮಾತು? 2025ರ ಒಂದೇ ಮಳೆಗಾಲವನ್ನು ನೆನಪಿಸಿಕೊಳ್ಳಿ. ಕೇರಳ ಸರ್ಕಾರ ಹೈಸ್ಕೂಲಿನ ಸಮಯವನ್ನು ಬೆಳಿಗ್ಗೆ ಕಾಲು ಗಂಟೆ, ಸಂಜೆ ಕಾಲು ಗಂಟೆ ಹೆಚ್ಚಿಸಿತು. ಮದರಸದ ಸಮಯಕ್ಕೆ ತೊಂದರೆ ಆಗುತ್ತದೆ ಎಂದು ‘ಸಮಸ್ತ’ ಎಂಬ ಮುಸ್ಲಿಂ ವಿದ್ವಾಂಸರ ಸಂಘಟನೆ ಆಕ್ಷೇಪ ಎತ್ತಿತು. ಮಾದಕ ವಸ್ತುಗಳ ವಿರುದ್ಧದ ಅಭಿಯಾನದಲ್ಲಿ ಶಾಲೆಗಳಿಗೆ ಝುಂಬಾ ಕುಣಿತ ತಂದಾಗ ಮತ್ತೊಂದು ಜಗಳ. ಜುಲೈ ತಿಂಗಳ ಗುರುಪೂರ್ಣಿಮೆಗೆ ನಮ್ಮದೇ ಜಿಲ್ಲೆಯ ಬಂದಡ್ಕದ ಒಂದು ಶಾಲೆಯಲ್ಲಿ ಮಕ್ಕಳಿಂದ ಗುರುಗಳ ಪಾದಪೂಜೆ ಮಾಡಿಸಿದ್ದು ರಾಜ್ಯವಿಡೀ ಸುದ್ದಿಯಾಯಿತು. ಮಕ್ಕಳ ಹಕ್ಕುಗಳ ಆಯೋಗ ತಾನಾಗಿಯೇ ಕೇಸು ದಾಖಲಿಸಿತು. ಅಕ್ಟೋಬರಿನಲ್ಲಿ ಕೊಚ್ಚಿಯ ಶಾಲೆಯೊಂದರಲ್ಲಿ ಹಿಜಾಬಿನ ವಿಷಯ ಎದ್ದಿತು. ಗಡಿಯಾಚೆ ಉಡುಪಿಯಲ್ಲಿ 2022ರಲ್ಲಿ ಎದ್ದ ಅದೇ ಪ್ರಶ್ನೆ ಇನ್ನೂ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನ ಆಗದೆ ಉಳಿದಿತ್ತು. ಇಬ್ಬರು ನ್ಯಾಯಮೂರ್ತಿಗಳ ಪೀಠ ಎರಡು ಬೇರೆ ಬೇರೆ ತೀರ್ಪು ಕೊಟ್ಟಿತ್ತಷ್ಟೆ.

ಇವೆಲ್ಲ ಶಾಲೆಯ ಒಳಗೆ ಹುಟ್ಟಿದ ಪ್ರಶ್ನೆಗಳು. ಎಲ್ಲದರಲ್ಲೂ ದೊಡ್ಡವರು ಟಿವಿಯಲ್ಲಿ ಕೂತು ಜೋರಾಗಿ ಮಾತಾಡಿದರು. ಯಾರ ಸಮಯ, ಯಾರ ಬಟ್ಟೆ, ಯಾರ ಕೈ ಎಂದು ಜಗಳವೋ, ಆ ಮಕ್ಕಳಿಗೆ ಮಾತ್ರ ಇದರ ಬಗ್ಗೆ ಶಾಂತವಾಗಿ ಕೂತು ಮಾತಾಡಲು ವಾರದಲ್ಲಿ ಒಂದು ಪಿರಿಯಡ್ ಕೂಡ ಇಲ್ಲ.

ಧರ್ಮದ ವಿಷಯ ಶಾಲೆಯಲ್ಲಿ ಎತ್ತಲೇಬಾರದು, ಸಂವಿಧಾನ ಬಿಡುವುದಿಲ್ಲ ಎಂದು ಅನೇಕ ಶಿಕ್ಷಕರು ನಂಬಿದ್ದಾರೆ. ಇದು ಅರ್ಧ ಸತ್ಯ. ಸಂವಿಧಾನದ 28ನೇ ವಿಧಿಯ ಪ್ರಕಾರ, ಪೂರ್ತಿಯಾಗಿ ಸರ್ಕಾರದ ಹಣದಲ್ಲಿ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಮಾಡುವಂತಿಲ್ಲ. ಅದೇ ವಿಧಿಯ ಮೂರನೇ ಭಾಗ ಅನುದಾನ ಪಡೆಯುವ ಮತ್ತು ಸರ್ಕಾರದ ಮಾನ್ಯತೆ ಇರುವ ಶಾಲೆಗಳಿಗೂ ಅನ್ವಯಿಸುತ್ತದೆ. ಅಲ್ಲಿ ಪೋಷಕರ ಒಪ್ಪಿಗೆ ಇಲ್ಲದೆ ಯಾವ ಮಗುವನ್ನೂ ಧಾರ್ಮಿಕ ಬೋಧನೆಗೆ, ಪೂಜೆ ಪ್ರಾರ್ಥನೆಗೆ ಕೂರಿಸುವ ಹಾಗಿಲ್ಲ. ನಮ್ಮ ಜಿಲ್ಲೆಯ ಕನ್ನಡ ಶಾಲೆಗಳಲ್ಲಿ ಅನುದಾನಿತ ಶಾಲೆಗಳು ತುಂಬಾ ಇವೆ. ಆದ್ದರಿಂದ ಈ ಮೂರನೇ ಭಾಗವನ್ನು ಪ್ರತಿ ಮ್ಯಾನೇಜರೂ ಓದಿಕೊಂಡಿರಬೇಕು. ಪಾದಪೂಜೆಯ ವಿವಾದವನ್ನೂ ಈ ಬೆಳಕಿನಲ್ಲೇ ನೋಡಬೇಕು. ಗುರುವಿಗೆ ಗೌರವ ಕೊಡುವುದು ತಪ್ಪಲ್ಲ. ಒಂದು ಧರ್ಮದ ವಿಧಿಯನ್ನು ಶಾಲೆಯ ಕಾರ್ಯಕ್ರಮ ಮಾಡಿ, ಬೇಡ ಎನ್ನುವ ಧೈರ್ಯ ಇಲ್ಲದ ಮಗುವನ್ನು ಸಾಲಿನಲ್ಲಿ ಕೂರಿಸುವುದು ತಪ್ಪು.

ಆದರೆ ಧರ್ಮಗಳ ಬಗ್ಗೆ ತಿಳಿಸುವುದನ್ನು 28ನೇ ವಿಧಿ ತಡೆಯುವುದಿಲ್ಲ. 1964ರಿಂದ 66ರವರೆಗೆ ಕೆಲಸ ಮಾಡಿದ ಕೊಠಾರಿ ಶಿಕ್ಷಣ ಆಯೋಗ ಈ ವ್ಯತ್ಯಾಸವನ್ನು ಸ್ಪಷ್ಟವಾಗಿ ಹೇಳಿತ್ತು. ಒಂದು ಧರ್ಮವನ್ನು ಬೋಧಿಸುವುದು ಬೇರೆ, ಧರ್ಮಗಳ ಬಗ್ಗೆ ಕಲಿಸುವುದು ಬೇರೆ. ಎರಡನೆಯದು ಇಷ್ಟು ಧರ್ಮಗಳಿರುವ ದೇಶಕ್ಕೆ ಅಗತ್ಯ ಎಂದಿತ್ತು. 2002ರಲ್ಲಿ ಅರುಣಾ ರಾಯ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದೇ ಮಾತನ್ನು ಒಪ್ಪಿತು. ಜೊತೆಗೆ ಒಂದು ಎಚ್ಚರಿಕೆಯನ್ನೂ ಕೊಟ್ಟಿತು: ಎರಡರ ನಡುವಿನ ಗೆರೆ ಬಹಳ ತೆಳು, ಶಿಕ್ಷಣದ ಹೆಸರಿನಲ್ಲಿ ಬೋಧನೆ ನುಸುಳದಂತೆ ನೋಡಿಕೊಳ್ಳಬೇಕು. ಅಂದರೆ ದಾರಿ ಕಾನೂನುಬದ್ಧವಾಗಿಯೇ ತೆರೆದಿದೆ. ಇಷ್ಟು ವರ್ಷಗಳಾದರೂ ಆ ದಾರಿಯಲ್ಲಿ ನಡೆದವರು ಕಡಿಮೆ.

ಇದೇ ಹೊತ್ತಿನಲ್ಲಿ ನಮ್ಮ ಜಿಲ್ಲೆಯ ಎಡನೀರನ್ನು ನೆನೆಯದೆ ಮುಂದೆ ಹೋಗಲಾಗುವುದಿಲ್ಲ. ಭಾರತದ ಯಾವ ಕಾನೂನು ಕಾಲೇಜಿನಲ್ಲೂ ಮೊದಲ ವರ್ಷವೇ ಕೇಳಿಬರುವ ಹೆಸರು ಕೇಶವಾನಂದ ಭಾರತಿ. ಎಡನೀರು ಮಠದ ಸ್ವಾಮೀಜಿಯಾಗಿದ್ದ ಅವರು ಕೇರಳದ ಭೂಸುಧಾರಣೆ ಕಾನೂನನ್ನು ಪ್ರಶ್ನಿಸಿ ಕೋರ್ಟಿಗೆ ಹೋದರು. 13 ನ್ಯಾಯಮೂರ್ತಿಗಳ ಪೀಠ 1973ರ ಏಪ್ರಿಲ್ 24ರಂದು ತೀರ್ಪು ಕೊಟ್ಟಿತು. ಸಂವಿಧಾನದ ಮೂಲ ರಚನೆಯನ್ನು ಸಂಸತ್ತೂ ಅಳಿಸುವಂತಿಲ್ಲ ಎಂಬ ತತ್ವ ಅಲ್ಲಿಂದ ಬಂತು. ಆ ಮೂಲ ಅಂಶಗಳಲ್ಲಿ ಜಾತ್ಯತೀತತೆಯೂ ಒಂದು ಎಂದು ಆಗಿನ ಮುಖ್ಯ ನ್ಯಾಯಮೂರ್ತಿ ಸಿಕ್ರಿ ಹೆಸರಿಸಿದರು. ಒಂದು ಮಠ, ಅದರ ಜಮೀನು, ಗೇಣಿದಾರರ ಹಕ್ಕು, ಸರ್ಕಾರದ ಅಧಿಕಾರ, ಎಲ್ಲ ಧರ್ಮಗಳಿಗೂ ರಕ್ಷಣೆ ಕೊಡುವ ಒಂದು ತತ್ವ. ಒಂಬತ್ತನೇ ತರಗತಿಗೆ ಇದಕ್ಕಿಂತ ಒಳ್ಳೆಯ ಪಾಠ ಬೇಕಾ? ಅದೂ ಚೆರ್ಕಳದಿಂದ ಬಸ್ಸಿನಲ್ಲಿ ಹೋಗಿ ನೋಡಿ ಬರಬಹುದಾದ ಜಾಗ.

ಹಾಗಾದರೆ ಯಾಕೆ ಯಾರೂ ಕೈ ಹಾಕುವುದಿಲ್ಲ? ಕೇರಳದಲ್ಲಿ ಇದಕ್ಕೆ ಒಂದು ಇತಿಹಾಸ ಇದೆ. 2008ರಲ್ಲಿ ಏಳನೇ ತರಗತಿಯ ಸಮಾಜ ವಿಜ್ಞಾನ ಪುಸ್ತಕದಲ್ಲಿ ಒಂದು ಚಿಕ್ಕ ಪಾಠ ಬಂತು. ಜೀವನ್ ಎಂಬ ಹುಡುಗನನ್ನು ಶಾಲೆಗೆ ಸೇರಿಸಲು ಅಪ್ಪ ಅಮ್ಮ ಬರುತ್ತಾರೆ. ಅಪ್ಪನದು ಮುಸ್ಲಿಂ ಹೆಸರು, ಅಮ್ಮನದು ಹಿಂದೂ ಹೆಸರು. ಧರ್ಮ ಯಾವುದೆಂದು ಬರೆಯಲಿ ಎಂದು ಹೆಡ್‌ಮಾಸ್ಟರ್ ಕೇಳಿದಾಗ, ಏನೂ ಬರೆಯಬೇಡಿ ಎನ್ನುತ್ತಾರೆ. ದೊಡ್ಡವನಾದ ಮೇಲೆ ಬೇಕಾದ ಧರ್ಮವನ್ನು ಅವನೇ ಆರಿಸಿಕೊಳ್ಳಲಿ ಎನ್ನುತ್ತಾರೆ. ಇಷ್ಟೇ ಪಾಠ. ಇದು ನಾಸ್ತಿಕತೆಯ ಪ್ರಚಾರ ಎಂದು ಹಲವು ಧಾರ್ಮಿಕ ಸಂಘಟನೆಗಳು ಬೀದಿಗೆ ಇಳಿದವು. ಪುಸ್ತಕಗಳನ್ನು ಸುಟ್ಟರು. ಮಲಪ್ಪುರ ಜಿಲ್ಲೆಯಲ್ಲಿ ಶಿಕ್ಷಕರ ಸಭೆ ನಡೆಯುತ್ತಿದ್ದ ಕಡೆ ಪ್ರತಿಭಟನೆಯ ವೇಳೆ ಹಲ್ಲೆಗೊಳಗಾದ ಹೆಡ್‌ಮಾಸ್ಟರ್ ಒಬ್ಬರು ಪ್ರಾಣ ಕಳೆದುಕೊಂಡರು. ಪುಸ್ತಕವನ್ನು ಪರಿಶೀಲಿಸಲು ಇತಿಹಾಸಕಾರ ಕೆ.ಎನ್. ಪಣಿಕ್ಕರ್ ಅವರ ಸಮಿತಿಯನ್ನು ಸರ್ಕಾರ ನೇಮಿಸಿತು.

ಆ ಪಾಠದಲ್ಲಿ ತಪ್ಪೇನೂ ಇರಲಿಲ್ಲ ಎಂದೇ ನಾನು ನಂಬುತ್ತೇನೆ. ಜೀವನ್‌ನಂಥ ಮಕ್ಕಳು ನಿಜವಾಗಿಯೂ ಇದ್ದಾರೆ, ಅವರಿಗೂ ಪುಸ್ತಕದಲ್ಲಿ ಜಾಗ ಬೇಕು. ಆದರೆ ಒಂದು ಮಾತು ಒಪ್ಪಬೇಕು. ನಂಬಿಕೆ ಇರುವ ಮನೆಗಳ ಬಗ್ಗೆ ಅಷ್ಟೇ ಪ್ರೀತಿಯಿಂದ ಬರೆದ ಪಾಠಗಳು ಪಕ್ಕದಲ್ಲಿ ಇದ್ದಿದ್ದರೆ, ಇದೊಂದೇ ಪಾಠ ಅಷ್ಟು ಒಂಟಿಯಾಗಿ ಕಾಣುತ್ತಿರಲಿಲ್ಲ. ಅದಾದ ಮೇಲೆ ಶಿಕ್ಷಕರಲ್ಲಿ ಉಳಿದದ್ದು ಭಯ. ಧರ್ಮದ ಮಾತು ಬಂದರೆ ಸುಮ್ನೆ ಮುಂದಿನ ಪುಟಕ್ಕೆ ಹೋಗುವುದು ಕ್ಷೇಮ ಎಂಬ ಭಾವನೆ.

ಆ ಜಾಗಕ್ಕೆ ಬರುವುದು ಉಪದೇಶ. ದೊಡ್ಡವರಿಗೆ ಗೌರವ ಕೊಡು, ಸುಳ್ಳು ಹೇಳಬೇಡ, ಮೊಬೈಲ್ ಕಡಿಮೆ ನೋಡು. 2025ರ ಜೂನ್‌ನಲ್ಲಿ ಶಾಲೆ ತೆರೆದ ಮೊದಲ ದಿನಗಳಲ್ಲಿ ಕೇರಳದಲ್ಲಿ ಮಾದಕ ವಸ್ತು, ರಸ್ತೆ ಸುರಕ್ಷತೆ, ಶುಚಿತ್ವದ ಬಗ್ಗೆ ಪಠ್ಯೇತರ ಕ್ಲಾಸುಗಳನ್ನು ನಡೆಸಿದರು. ಇದು ಒಳ್ಳೆಯದೇ. ಕರ್ನಾಟಕದಲ್ಲಿ ವಾರಕ್ಕೆ ಇಷ್ಟು ನೀತಿ ಶಿಕ್ಷಣದ ಪಿರಿಯಡ್ ಎಂಬ ಚರ್ಚೆ ಪ್ರತಿ ಸರ್ಕಾರದಲ್ಲೂ ಏಳುತ್ತದೆ. ಗುಜರಾತ್ 2022ರಲ್ಲಿ 6ರಿಂದ 12ನೇ ತರಗತಿಗೆ ಭಗವದ್ಗೀತೆಯನ್ನು ತರುವುದಾಗಿ ಹೇಳಿತು. ಒಂದು ಕಡೆ ಯಾರ ಮನಸ್ಸನ್ನೂ ತಟ್ಟದ ಬುದ್ಧಿಮಾತು, ಇನ್ನೊಂದು ಕಡೆ ಒಂದೇ ಧರ್ಮದ ಗ್ರಂಥವನ್ನು ಎಲ್ಲರ ನೀತಿ ಎಂದು ಕೊಡುವುದು. ಎರಡರಲ್ಲೂ ಮಗು ಪ್ರಶ್ನೆ ಕೇಳುವುದಿಲ್ಲ, ವಾದಿಸುವುದಿಲ್ಲ, ಒಪ್ಪದೆ ಇರುವ ಅವಕಾಶವೂ ಇಲ್ಲ.

ವಾದಿಸಲು ಕಲಿಸುವುದಕ್ಕೆ ನಾವು ಎಲ್ಲಿಗೂ ಹೋಗಬೇಕಾಗಿಲ್ಲ. ನಮ್ಮೂರಲ್ಲಿ ತಾಳಮದ್ದಳೆ ಇದೆ, ಅದು ಯಕ್ಷಗಾನದ ಮಾತಿನ ರೂಪ. ವೇಷವಿಲ್ಲ, ಕುಣಿತವಿಲ್ಲ. ಭಾಗವತರ ಪದ, ಚೆಂಡೆ ಮದ್ದಳೆ, ಎದುರುಬದುರು ಕೂತು ಪಾತ್ರಗಳಾಗಿ ಮಾತಾಡುವ ಅರ್ಥಧಾರಿಗಳು. ಕುಂಬಳೆಯ ಪಾರ್ತಿಸುಬ್ಬನ ರಾಮಾಯಣ ಪ್ರಸಂಗಗಳು ಇಲ್ಲಿನ ಹಳ್ಳಿಹಳ್ಳಿಯ ಜನರಿಗೆ ಬಾಯಿಪಾಠ. ವಾಲಿಯ ಪ್ರಸಂಗವನ್ನೇ ತೆಗೆದುಕೊಳ್ಳಿ. ಬಾಣ ತಗುಲಿ ಬಿದ್ದ ವಾಲಿ ರಾಮನನ್ನು ಕೇಳುತ್ತಾನೆ: ನಿನಗೆ ನಾನು ಏನು ಕೇಡು ಮಾಡಿದ್ದೆ? ಎದುರು ನಿಂತು ಯುದ್ಧ ಮಾಡದೆ ಮರೆಯಲ್ಲಿ ನಿಂತು ಹೊಡೆದದ್ದು ಯಾವ ನ್ಯಾಯ? ತಮ್ಮನ ಹೆಂಡತಿಯನ್ನು ಇಟ್ಟುಕೊಂಡದ್ದು ಅಪರಾಧ ಎನ್ನುತ್ತಾನೆ ರಾಮ. ಹಾಗಾದರೆ ಶಿಕ್ಷೆ ಕೊಡುವ ಅಧಿಕಾರ ನಿನಗೆ ಯಾರು ಕೊಟ್ಟರು ಎನ್ನುತ್ತಾನೆ ವಾಲಿ. ಒಳ್ಳೆಯ ಅರ್ಥಧಾರಿಗಳು ಸಿಕ್ಕಿದರೆ ಇದು ಗಂಟೆಗಟ್ಟಲೆ ನಡೆಯುತ್ತದೆ. ಕೇಳುತ್ತಿರುವ ಭಕ್ತರೇ ವಾಲಿಯ ಮಾತಿಗೆ ತಲೆಯಾಡಿಸುತ್ತಾರೆ. ದೇವರೆಂದು ನಂಬಿದವನನ್ನೇ ಕಟಕಟೆಯಲ್ಲಿ ನಿಲ್ಲಿಸಿ ಪ್ರಶ್ನಿಸುವುದನ್ನು ಯಾರೂ ಅವಮಾನ ಎಂದುಕೊಳ್ಳುವುದಿಲ್ಲ. ಕಾಸರಗೋಡಿನವರೇ ಆದ ಶೇಣಿ ಗೋಪಾಲಕೃಷ್ಣ ಭಟ್ಟರಂಥವರು ಈ ಕಲೆಯನ್ನು ಎಂಥ ಎತ್ತರಕ್ಕೆ ಒಯ್ದರು ಎಂದು ಕೇಳಿದವರಿಗೆ ಗೊತ್ತು.

ಶಾಲೆ ತೆಗೆದುಕೊಳ್ಳಬೇಕಾದದ್ದು ಈ ಕ್ರಮವನ್ನು. ಕಥೆ ರಾಮಾಯಣದ್ದೇ ಆಗಬೇಕೆಂದಿಲ್ಲ, ಯಾವಾಗಲೂ ಅದೇ ಆಗಲೂಬಾರದು. ಇಲ್ಲದಿದ್ದರೆ ತರಗತಿಯ ಅರ್ಧ ಮಕ್ಕಳು ಇದು ನಮ್ಮದಲ್ಲ ಎಂದು ದೂರ ಕೂರುತ್ತಾರೆ. ಎರಡು ಪಕ್ಷ, ಪ್ರತಿಯೊಂದಕ್ಕೂ ಪೂರ್ತಿ ಅವಕಾಶ, ಎದುರಿನವನ ಮಾತನ್ನು ಕೇಳಿಸಿಕೊಂಡೇ ಉತ್ತರ ಕೊಡಬೇಕೆಂಬ ನಿಯಮ. ಇವತ್ತು ವಾಲಿಯಾದವನು ಮುಂದಿನ ವಾರ ರಾಮನಾಗಬೇಕು. ತಾನು ಒಪ್ಪದ ಪಕ್ಷವನ್ನು ಪ್ರಾಮಾಣಿಕವಾಗಿ ವಾದಿಸುವ ಅಭ್ಯಾಸ ಒಮ್ಮೆ ಆದರೆ, ಆ ಪಕ್ಷದವರನ್ನು ಮೂರ್ಖರು ಎಂದು ತಳ್ಳಿಹಾಕುವುದು ಕಷ್ಟ.

ಪ್ರಶ್ನೆಗಳಿಗೂ ಬರ ಇಲ್ಲ. ಎಣ್ಮಕಜೆ ಪಂಚಾಯತಿಯ ಪಡ್ರೆ, ಸ್ವರ್ಗ ಎಂಬ ಹೆಸರಿನ ಊರುಗಳಂಥ ಕನ್ನಡ ಹಳ್ಳಿಗಳ ಮೇಲೆ ಎರಡು ದಶಕಕ್ಕೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ವಿಷಕಾರಿ ಕೀಟನಾಶಕ ಸುರಿಯಿತು. ಸಿಂಪಡಿಸಿದ್ದು ಸರ್ಕಾರದ್ದೇ ಆದ ಪ್ಲಾಂಟೇಶನ್ ಕಾರ್ಪೊರೇಶನ್, ಗೇರು ತೋಟಕ್ಕಾಗಿ. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ದೇಶದಲ್ಲೇ ನಿಷೇಧಿಸಿತು. 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಆದೇಶಿಸಿತು. ಇಲ್ಲಿ ತಪ್ಪು ಯಾರದ್ದು? ಹೆಲಿಕಾಪ್ಟರ್ ಓಡಿಸಿದವನದ್ದಾ, ಆದೇಶ ಕೊಟ್ಟ ಅಧಿಕಾರಿಯದ್ದಾ, ಕಂಪನಿಯದ್ದಾ? ತೋಟದಲ್ಲಿ ಕೂಲಿ ಮಾಡಿ ಮಕ್ಕಳನ್ನು ಸಾಕಿದವರಿಗೆ ಅದೇ ತೋಟದ ವಿರುದ್ಧ ಮಾತಾಡುವುದು ಎಷ್ಟು ಕಷ್ಟ? ಹಣ ಕೊಟ್ಟರೆ ನ್ಯಾಯ ಸಿಕ್ಕಿತಾ? ಇದು ನೀತಿಶಾಸ್ತ್ರದ ಗಟ್ಟಿ ಪ್ರಶ್ನೆ. ಈ ಮಕ್ಕಳಲ್ಲಿ ಕೆಲವರ ಮನೆಯಲ್ಲೇ ಅದರ ಉತ್ತರಕ್ಕಾಗಿ ಕಾಯುತ್ತಿರುವವರು ಇದ್ದಾರೆ.

ಇನ್ನೊಂದು, ಕೇರಳದ್ದೇ ಪ್ರಕರಣ. 1985ರಲ್ಲಿ ಕೋಟ್ಟಯಂ ಜಿಲ್ಲೆಯ ಶಾಲೆಯೊಂದು ಒಂದೇ ಮನೆಯ ಮೂವರು ಮಕ್ಕಳನ್ನು ಹೊರಗೆ ಹಾಕಿತು. ಅವರು ಯೆಹೋವನ ಸಾಕ್ಷಿಗಳು ಎಂಬ ಕ್ರೈಸ್ತ ಪಂಗಡದವರು. ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಆದರೆ ಹಾಡುತ್ತಿರಲಿಲ್ಲ. ಹೈಕೋರ್ಟಿನಲ್ಲಿ ಸೋತರು. 1986ರಲ್ಲಿ ಸುಪ್ರೀಂ ಕೋರ್ಟ್ ಅವರ ಪರವಾಗಿ ತೀರ್ಪು ಕೊಟ್ಟಿತು, ನಮ್ಮ ಪರಂಪರೆ ಸಹನೆಯನ್ನು ಕಲಿಸುತ್ತದೆ ಎಂದಿತು. ತಮ್ಮದೇ ವಯಸ್ಸಿನ ಮಕ್ಕಳ ಈ ಕಥೆಯನ್ನು ನಮ್ಮ ಹೈಸ್ಕೂಲಿನ ಮಕ್ಕಳ ಮುಂದೆ ಇಟ್ಟು ನೋಡಬೇಕು. ತರಗತಿ ಎರಡಾಗುತ್ತದೆ, ಧರ್ಮದ ಲೆಕ್ಕದಲ್ಲಿ ಎರಡಾಗುವುದಿಲ್ಲ. ಅದೇ ಬೇಕಾದದ್ದು.

ಓದಿಗೆ ಏನು? ಮಂಜೇಶ್ವರದ ಗೋವಿಂದ ಪೈಗಳು ಕೊಂಕಣಿ ಮನೆಯವರು. ಕ್ರಿಸ್ತನ ಕೊನೆಯ ದಿನದ ಬಗ್ಗೆ ‘ಗೊಲ್ಗೊಥಾ’ ಬರೆದರು, ಬುದ್ಧನ ಕೊನೆಯ ದಿನದ ಬಗ್ಗೆ ‘ವೈಶಾಖಿ’ ಬರೆದರು. ಎರಡನ್ನೂ ಬರೆದದ್ದು ಕನ್ನಡದಲ್ಲಿ. ತನ್ನದಲ್ಲದ ಧರ್ಮವನ್ನು ಹೇಗೆ ತಿಳಿಯಬೇಕು ಎಂಬುದಕ್ಕೆ ಇದಕ್ಕಿಂತ ಹತ್ತಿರದ ಮಾದರಿ ಎಲ್ಲಿದೆ? ಚಂದ್ರಗಿರಿ ಹೊಳೆಯ ದಡದ ಮುಸ್ಲಿಂ ಹೆಣ್ಣುಮಕ್ಕಳ ಬದುಕನ್ನು, ತಲಾಖ್‌ನ ನೋವನ್ನು ಸಾರಾ ಅಬೂಬಕ್ಕರ್ ಕನ್ನಡದ ಮುಂದೆ ಇಟ್ಟರು. ಅವರು ಕಾಸರಗೋಡಿನಲ್ಲಿ ಹುಟ್ಟಿ ಕನ್ನಡದಲ್ಲಿ ಓದಿದವರು. ಧರ್ಮವನ್ನು ಪ್ರೀತಿಸುವವರೇ ಅದರ ಹೆಸರಿನ ಅನ್ಯಾಯವನ್ನು ಪ್ರಶ್ನಿಸಬಹುದು ಎಂದು ಮಕ್ಕಳಿಗೆ ತೋರಿಸಲು ಅವರ ಬರಹ ಬೇಕು.

ಊರನ್ನೂ ಓದಬೇಕು. ಮಂಜೇಶ್ವರದ ‘ಉದ್ಯಾವರ ಮಾಡ’ ಎಂಬ ದೈವಸ್ಥಾನದ ಜಾತ್ರೆಗೆ ಮುಂಚೆ ದೈವದ ಪಾತ್ರಿಗಳು ‘ಸಾವಿರ ಜಮಾಅತ್’ ಎಂಬ ಹೆಸರಿನ ಮಸೀದಿಗೆ ಹೋಗಿ ಆಹ್ವಾನ ಕೊಡುತ್ತಾರೆ. ಕುಂಬಳೆಯ ಹತ್ತಿರ ಆರಿಕ್ಕಾಡಿಯಲ್ಲಿ ಆಲಿ ಎಂಬ ಮುಸ್ಲಿಂ ಹೆಸರಿನ ದೈವಕ್ಕೆ ಕೋಲ ನಡೆಯುತ್ತದೆ. ಮಧೂರಿನ ದೇವಸ್ಥಾನದ ಐತಿಹ್ಯ ಶುರುವಾಗುವುದೇ ಮದರು ಎಂಬ ಮೊಗೇರ ಹೆಂಗಸಿನಿಂದ. ತಳಂಗರೆಯಲ್ಲಿ ಮಾಲಿಕ್ ದೀನಾರ್ ಮಸೀದಿ ಇದೆ, ಬಂಗ್ರ ಮಂಜೇಶ್ವರದಲ್ಲಿ ಜೈನ ಬಸದಿ ಇದೆ. ಆದರೆ ಇದನ್ನೆಲ್ಲ ಬರೀ ಸೌಹಾರ್ದದ ಚಿತ್ರ ಮಾಡಿ ತೋರಿಸಬಾರದು. ಆಲಿಯ ಕಥೆಯಲ್ಲಿ ಭಯ ಇದೆ, ಜಗಳ ಇದೆ. ಮದರುವಿನ ಜಾತಿಯವರು ಇದೇ ನಾಡಿನಲ್ಲಿ ಎಷ್ಟೋ ಕಾಲ ದೇವಸ್ಥಾನಗಳ ಒಳಗೆ ಕಾಲಿಡುವಂತಿರಲಿಲ್ಲ ಎಂಬುದೂ ಅದೇ ಪಾಠದಲ್ಲಿ ಬರಬೇಕು. ಹದಿನಾಲ್ಕರ ಮಕ್ಕಳಿಗೆ ಅರ್ಧ ಕಥೆ ಹೇಳಿದರೆ ಉಳಿದರ್ಧ ಅವರಿಗೆ ಬೇರೆಲ್ಲೋ ಸಿಗುತ್ತದೆ, ಆಗ ಶಾಲೆಯನ್ನು ನಂಬುವುದಿಲ್ಲ.

ಈಗ ಭಾಷೆಯ ಮಾತು. ಗಡಿನಾಡಿನಲ್ಲಿ ಯಾವ ಶಿಕ್ಷಣದ ಚರ್ಚೆಯೂ ಇಲ್ಲಿಗೆ ಬಂದೇ ಬರುತ್ತದೆ. ಕನ್ನಡ ಬಾರದ ಶಿಕ್ಷಕರನ್ನು ಕನ್ನಡ ಮಾಧ್ಯಮ ತರಗತಿಗೆ ನೇಮಿಸಿದ್ದಕ್ಕೆ ಇಲ್ಲಿನ ಮಕ್ಕಳು, ಪೋಷಕರು ಮತ್ತೆ ಮತ್ತೆ ಪ್ರತಿಭಟನೆ ಮಾಡಿದ್ದಾರೆ. ಮಾತೃಭಾಷೆಯಲ್ಲಿ ಕಲಿಸಬೇಕೆನ್ನುವ ಸಂವಿಧಾನದ 350ಎ ವಿಧಿ ಪ್ರಾಥಮಿಕ ಹಂತದ ಬಗ್ಗೆ ಮಾತ್ರ ಹೇಳುತ್ತದೆ. ಹೈಸ್ಕೂಲಿಗೆ ಆ ಆಸರೆಯೂ ಇಲ್ಲ. ಗಣಿತವನ್ನು ಬೋರ್ಡಿನ ಮೇಲೆ ಬರೆದು ಹೇಗೋ ದಾಟಿಸಬಹುದೇನೋ. ಆದರೆ ನಂಬಿಕೆ, ಸಂಶಯ, ನಾಚಿಕೆ, ಅನ್ಯಾಯ ಇಂಥ ವಿಷಯವನ್ನು ಮಗು ತಡವರಿಸುತ್ತಾ ಹೇಳುವಾಗ, ಆ ತಡವರಿಕೆ ಅರ್ಥವಾಗುವ ಶಿಕ್ಷಕರೇ ಬೇಕು. ಒಂದು ತಪ್ಪು ಪದದಿಂದ ತರಗತಿಯಲ್ಲಿ ಜಗಳ ಹತ್ತಿಕೊಳ್ಳಬಹುದು. ಒಂದು ಸರಿಯಾದ ಪದದಿಂದ ಅದು ನಿಲ್ಲಲೂಬಹುದು.

ಇಲ್ಲಿ ಕನ್ನಡಕ್ಕೆ ಒಂದು ಅನುಕೂಲವೂ ಇದೆ. ಮನೆಯಲ್ಲಿ ತುಳು, ಬ್ಯಾರಿ, ಕೊಂಕಣಿ, ಮರಾಠಿ, ಹವ್ಯಕ ಮಾತಾಡುವ ಮಕ್ಕಳು ಕನ್ನಡ ಶಾಲೆಯಲ್ಲಿ ಒಟ್ಟಿಗೆ ಸೇರುತ್ತಾರೆ. ಇಲ್ಲಿ ಕನ್ನಡ ಯಾವ ಒಂದು ಧರ್ಮದ ಭಾಷೆಯೂ ಅಲ್ಲ. ಎಲ್ಲರೂ ಸಮನಾಗಿ ಕೂತು ಮಾತಾಡಬಹುದಾದ ಚಾವಡಿ ಅದು.

ಆಕ್ಷೇಪಗಳು ಇವೆ, ಅವನ್ನು ಹಗುರವಾಗಿ ನೋಡುವಂತಿಲ್ಲ. ಶಿಕ್ಷಕರು ತಮ್ಮ ಧರ್ಮವನ್ನೇ ಮೇಲೆ ಎಂದು ತೋರಿಸಿದರೆ? ಇದು ನಿಜವಾದ ಅಪಾಯ. ಇಂಗ್ಲೆಂಡಿನಲ್ಲಿ ಧರ್ಮಗಳ ಪಾಠಕ್ಕೆ ದೇಶಕ್ಕೆಲ್ಲ ಒಂದೇ ಪಠ್ಯಕ್ರಮ ಇಲ್ಲ. ಆಯಾ ಪ್ರದೇಶದ ಚರ್ಚು, ಬೇರೆ ಧರ್ಮಗಳ ಪ್ರತಿನಿಧಿಗಳು, ಶಿಕ್ಷಕರು, ಸ್ಥಳೀಯ ಆಡಳಿತ ಒಟ್ಟಿಗೆ ಕೂತು ಒಪ್ಪಿದ ಪಠ್ಯಕ್ರಮ ಅಲ್ಲಿ ನಡೆಯುತ್ತದೆ. ಐದು ವರ್ಷಕ್ಕೊಮ್ಮೆ ಅದನ್ನು ಮತ್ತೆ ನೋಡುತ್ತಾರೆ. ಬೇಡ ಎನ್ನುವ ಪೋಷಕರು ಮಗುವನ್ನು ಆ ಕ್ಲಾಸಿನಿಂದ ಬಿಡಿಸಬಹುದು. ಬರ್ಲಿನ್ 2006ರಲ್ಲಿ 7ರಿಂದ 10ನೇ ತರಗತಿಗೆ ಎಲ್ಲರಿಗೂ ಒಂದೇ ನೀತಿ ಪಾಠ ಕಡ್ಡಾಯ ಮಾಡಿತು. ಅದರ ಬದಲು ಅವರವರ ಧರ್ಮದ ಪಾಠ ಆರಿಸಿಕೊಳ್ಳಲು ಬಿಡಿ ಎಂಬ ಬೇಡಿಕೆ 2009ರ ಜನಮತದಲ್ಲಿ ಸೋತಿತು. ನನಗೆ ಇಂಗ್ಲೆಂಡಿನ ಸ್ಥಳೀಯ ಒಪ್ಪಂದ ಮತ್ತು ಬರ್ಲಿನ್‌ನ ಒಟ್ಟಿಗೆ ಕೂರುವ ಪದ್ಧತಿ ಎರಡೂ ಇಷ್ಟ. ನಾರಾಯಣ ಗುರುಗಳು 1924ರಲ್ಲಿ ಆಲುವಾದಲ್ಲಿ ಸರ್ವಧರ್ಮ ಸಮ್ಮೇಳನ ನಡೆಸಿದಾಗ, ಇದು ವಾದಿಸಿ ಗೆಲ್ಲುವುದಕ್ಕಲ್ಲ, ತಿಳಿಯಲು ಮತ್ತು ತಿಳಿಸಲು ಎಂದು ಬರೆಸಿದ್ದರು. ಕೇರಳಕ್ಕೆ ಈ ವಿಚಾರ ಹೊಸದೇನಲ್ಲ.

ಮಕ್ಕಳಿಗೆ ಈಗಲೇ ಪಠ್ಯದ ಹೊರೆ ಜಾಸ್ತಿ ಎಂಬುದು ಇನ್ನೊಂದು ಮಾತು. ಅದಕ್ಕೆ ನನ್ನ ಉತ್ತರ, ಇದಕ್ಕೆ ಅಂಕ ಬೇಡ. ಅಂಕ ಇಟ್ಟ ದಿನವೇ ಇದು ಗೈಡಿನಲ್ಲಿ ಸಿಗುವ ಉತ್ತರ ಆಗುತ್ತದೆ.

ಕೇರಳದ ಹೊಸ ಪಠ್ಯಪುಸ್ತಕಗಳು 2024 ಮತ್ತು 2025ರಲ್ಲಷ್ಟೇ ಬಂದಿವೆ, ಎಲ್ಲದರಲ್ಲೂ ಸಂವಿಧಾನದ ಪ್ರಸ್ತಾವನೆ ಅಚ್ಚಾಗಿದೆ. ಅವುಗಳನ್ನು ಮತ್ತೆ ಬದಲಿಸುವವರೆಗೆ ಕಾಯಬೇಕಾಗಿಲ್ಲ. 2023ರಲ್ಲಿ ಕೇಂದ್ರದ ಪಠ್ಯಪುಸ್ತಕ ಸಂಸ್ಥೆ ಎನ್‌ಸಿಇಆರ್‌ಟಿ ಕೈಬಿಟ್ಟ ಇತಿಹಾಸದ ಭಾಗಗಳನ್ನು ಕಲಿಸಲು ಕೇರಳ ಹೆಚ್ಚುವರಿ ಪುಸ್ತಕಗಳನ್ನೇ ಹೊರತಂದಿತ್ತು. ಅದೇ ದಾರಿಯಲ್ಲಿ ಒಂದು ತೆಳ್ಳಗಿನ ಕೈಪಿಡಿ ಸಾಕು. ಅದು ಮಲಯಾಳದಲ್ಲಿ ಬರೆದು ಕನ್ನಡಕ್ಕೆ ತಂದದ್ದಾಗಬಾರದು. ಮಾಯಿಪ್ಪಾಡಿಯಲ್ಲಿರುವ ಜಿಲ್ಲಾ ಶಿಕ್ಷಕರ ತರಬೇತಿ ಸಂಸ್ಥೆ ಡಯಟ್‌ನಲ್ಲಿ ಕನ್ನಡ ಶಿಕ್ಷಕರು, ಮದರಸದ ಉಸ್ತಾದರು, ಇಗರ್ಜಿಯ ಪಾದ್ರಿಗಳು, ಮಠ ಮತ್ತು ದೈವಸ್ಥಾನದವರು, ದಲಿತ ಸಂಘಟನೆಯವರು, ಯಾವ ಧರ್ಮವನ್ನೂ ನಂಬದವರು ಒಂದೇ ಮೇಜಿನ ಸುತ್ತ ಕೂತು ಕನ್ನಡದಲ್ಲೇ ಬರೆಯಬೇಕು. ಮಕ್ಕಳ ಕೈಗೆ ಹೋಗುವ ಮೊದಲು ಪ್ರತಿ ಶಾಲೆಯ ಪೋಷಕರ ಮತ್ತು ಶಿಕ್ಷಕರ ಸಂಘದ (ಪಿಟಿಎ) ಸಭೆಯಲ್ಲಿ ಅದನ್ನು ಓದಿ ಹೇಳಬೇಕು. ಹತ್ತನೇ ತರಗತಿಗೆ ಎಸ್‌ಎಸ್‌ಎಲ್‌ಸಿಯ ಒತ್ತಡ ಇರುತ್ತದೆ, ಅವರನ್ನು ಬಿಡೋಣ. ಎಂಟು ಮತ್ತು ಒಂಬತ್ತನೇ ತರಗತಿಗೆ ವಾರಕ್ಕೆ ಒಂದು ಪಿರಿಯಡ್, ಕಾಸರಗೋಡು ಮತ್ತು ಮಂಜೇಶ್ವರ ತಾಲೂಕಿನ ಕೆಲವೇ ಶಾಲೆಗಳಲ್ಲಿ, ಮುಂದಿನ ಜೂನ್‌ನಿಂದ ಶುರು ಮಾಡಬಹುದು.